ತಮ್ಮ ಕಾಲಿಗೆ ಬೀಳುವ ತನಕ

ಟೀವಿಯಲ್ಲಿ ಒಂದು ಸಲ ಕೆಟ್ಟವನಾದರೆ ಸಾಕು, ಮೈಸೂರಿನಂಥ ಊರಲ್ಲಿ ಮನೆಯಿಂದ ಆಚೆ ಕಾಲಿಟ್ಟಾಗಲೆಲ್ಲ ಒಂದಲ್ಲ ಒಂದು ಪ್ರಸಂಗ ಗ್ಯಾರಂಟಿ. ನನ್ನದು ದೇವರಾಜ ಮೊಹಲ್ಲಾದಲ್ಲಿ ಬಳೆ ಅಂಗಡಿ, ಅಪ್ಪನ ಕಾಲದ್ದು. ಸಂಜೆಯಾದರೆ ನಾಟಕದ ಹುಚ್ಚು. ಆ ಹುಚ್ಚಿನಿಂದಲೇ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಒಂದು ಧಾರಾವಾಹಿಯಲ್ಲಿ ಪಾತ್ರ ಸಿಕ್ಕಿತು. ಎಂಥ ಪಾತ್ರ ಅಂತೀರಿ! ಮನೆ ಪಾಲು ಮಾಡಿಸಿ, ಸಾಕಿ ಬೆಳೆಸಿದ ಅಣ್ಣನನ್ನು ಬೀದಿಗೆ ತಳ್ಳುವ ತಮ್ಮ.

ಅಣ್ಣನ ಪಾತ್ರ ಮಾಡಿದವರು ನಮ್ಮೂರಿನದೇ ಉದಯಗಿರಿ ಬಡಾವಣೆಯವರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವುದರಿಂದ ಹಿಡಿದು ವೇದಿಕೆ ಮೇಲೆ ಹೆದರದೆ ನಿಲ್ಲುವುದರ ತನಕ ನನಗೆ ಎಲ್ಲ ಕಲಿಸಿದವರು. ಕ್ಯಾಮೆರಾ ಆಫ್ ಆದ ಮೇಲೂ ನಾನು ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆ. ಒಂದೇ ಡಬ್ಬಿಯಲ್ಲಿ ಊಟ ಮಾಡಿ, ಕೈ ತೊಳೆದುಕೊಂಡು ಹೋಗಿ ಒಬ್ಬರನ್ನೊಬ್ಬರು ಬಾಯಿಗೆ ಬಂದ ಹಾಗೆ ಬೈದುಕೊಳ್ಳುತ್ತಿದ್ದೆವು.

ಹಬ್ಬದ ಬಳೆ

ಗೌರಿ ಹಬ್ಬ ಹತ್ತಿರ ಬಂದಿತ್ತು. ಅಂಗಡಿ ತುಂಬ ಹೆಂಗಸರು. ಜಯಲಕ್ಷ್ಮಿಪುರಂನಿಂದ ಬಂದಿದ್ದ ಒಬ್ಬ ಮೇಡಂ, ಕಾಲೇಜಿನಲ್ಲಿ ಪಾಠ ಹೇಳಿ ರಿಟೈರ್ ಆದವರು, ಕೈ ಚಾಚಿದರು. ನಾನು ಅವರ ಬೆರಳು ಒತ್ತಿ ಹಿಡಿದು ಹಸಿರು ಬಳೆ ಏರಿಸಲು ಹೋದೆ. ನನ್ನ ಮುಖ ನೋಡಿದವರೇ ಸರಕ್ಕನೆ ಕೈ ಎಳೆದುಕೊಂಡರು.

"ಅಣ್ಣನ ಮನೆ ಒಡೆದ ಕೈಯಿಂದ ನಾನು ಹಬ್ಬದ ಬಳೆ ತೊಡಿಸ್ಕೊಳ್ಳಲ್ಲ ಕಣ್ರೀ."

"ಮೇಡಂ, ಅದು ಸೀರಿಯಲ್ಲು."

"ಗೊತ್ತು ಕಣ್ರೀ, ನಾನೇನು ಅಷ್ಟು ದಡ್ಡಿನಾ? ಆದ್ರೂ ಮನಸ್ಸು ಒಪ್ಪಬೇಕಲ್ಲ!"

ನಮ್ಮಮ್ಮ ಗಲ್ಲಾ ಬಿಟ್ಟು ಎದ್ದು ಬಂದರು. ನನ್ನ ಪರ ಮಾತಾಡುತ್ತಾರೆ ಅಂದುಕೊಂಡೆ. ಅಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ, ಮೇಡಂ ಕೈ ಹಿಡಿದುಕೊಂಡು, "ಬನ್ನಿ ಕಣಮ್ಮ, ನಾನು ತೊಡಿಸ್ತೀನಿ. ನಿನ್ನೆ ಎಪಿಸೋಡ್ ನೋಡಿದ ಮೇಲೆ ನಾನೂ ಇವನ ಹತ್ರ ಮಾತು ಬಿಟ್ಟಿದೀನಿ" ಅಂದರು.

ಮೆಣಸಿನ ಕಷಾಯ

ಅಣ್ಣನ ಕಂಠ ಅಂದರೆ ಕಂಠ. ಮೈಕ್ ಕೆಟ್ಟ ದಿನ ಟೌನ್‌ಹಾಲಿನ ಕೊನೇ ಸಾಲಿನವರಿಗೂ ಅವರ ಮಾತು ಕೇಳುತ್ತಿತ್ತು. ಅಂಥವರ ಗಂಟಲಲ್ಲೇ ಗಡ್ಡೆ ಎದ್ದಿತು. ಕ್ಯಾನ್ಸರ್ ಅಂದರು. ಆಪರೇಷನ್ ಮಾಡಿ ಜೀವ ಉಳಿಸಿದರು, ಧ್ವನಿ ಹೋಯಿತು. ಇಷ್ಟು ಕೆಟ್ಟ ತಮಾಷೆಯನ್ನು ನಮ್ಮ ಧಾರಾವಾಹಿ ಬರೆಯುವವರೂ ಮಾಡುವುದಿಲ್ಲ, ದೇವರು ಮಾಡಿದ.

ಉಸಿರಾಡಲು ಗಂಟಲಲ್ಲಿ ಮಾಡಿದ್ದ ತೂತು ಕಾಣದ ಹಾಗೆ ಶಾಲು ಸುತ್ತಿಕೊಂಡು ಅವರು ಮತ್ತೆ ಶೂಟಿಂಗಿಗೆ ಬಂದರು. ತುಟಿ ಅಲ್ಲಾಡಿಸಿದರು. ನಿರ್ದೇಶಕರು ಬೇರೆ ಯಾರಿಂದಲೋ ಧ್ವನಿ ಕೊಡಿಸಿದರು. ಜನ ಒಪ್ಪುತ್ತಾರೆಯೇ? ಸಿಕ್ಕಿದವರೆಲ್ಲ ನನ್ನನ್ನೇ ಕೇಳುವುದು, "ನಿಮ್ಮಣ್ಣಂಗೆ ಶೀತ ಆಗಿದ್ಯಾ?" ಅಂತ.

ಒಂದು ಬೆಳಿಗ್ಗೆ ಶೂಟಿಂಗ್ ಮನೆ ಗೇಟಿಗೆ ಒಬ್ಬ ಹಿರಿಯರು ಫ್ಲಾಸ್ಕ್ ಹಿಡಿದುಕೊಂಡು ಬಂದರು. ಮನೆಯಲ್ಲೇ ಕುದಿಸಿದ ಮೆಣಸಿನ ಕಷಾಯ. ಅಣ್ಣನ ಎದುರು ನಿಂತು ಲೋಟಕ್ಕೆ ಬಗ್ಗಿಸಿ ಕೊಟ್ಟರು. ಅಣ್ಣ ಬೇಡ ಅನ್ನಲಿಲ್ಲ. ಗುಟುಕು ಗುಟುಕಾಗಿ ಪೂರ್ತಿ ಕುಡಿದು ಕೈ ಮುಗಿದರು. ನಾನು ಆ ಕಡೆ ತಿರುಗಿಕೊಂಡೆ. ಹಿರಿಯರು ಫ್ಲಾಸ್ಕ್ ಮುಚ್ಚಿ, ನನ್ನ ಕಡೆ ಕೆಕ್ಕರಿಸಿ ನೋಡಿ, "ನಿಂಗಿಲ್ಲ ಹೋಗಯ್ಯ" ಅಂದರು.

ವ್ರತ

ಆ ಡಬ್ಬಿಂಗ್ ಜಾಸ್ತಿ ದಿನ ನಡೆಯಲಿಲ್ಲ. ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದು, "ಬೇಜಾರ್ ಮಾಡ್ಕೋಬೇಡಿ, ಬರೋ ವಾರ ನಿಮ್ಮಣ್ಣಂಗೆ ಲಾರಿ ಹೊಡೆಸಿಬಿಡ್ತೀವಿ" ಅಂದರು. ಅಂದರೆ ಪಾತ್ರವನ್ನು ಸಾಯಿಸುವುದು. ಅಣ್ಣನಿಗೆ ಸುಳಿವು ಸಿಕ್ಕಿತ್ತೋ ಏನೋ, ಮೇಕಪ್ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಪ್ಯಾಕಪ್ ಆದರೂ ಏಳಲಿಲ್ಲ.

ಸಂಜೆ ಅವರ ಮನೆಗೆ ಹೋದಾಗ ಅತ್ತಿಗೆ, ಅಂದರೆ ಅಣ್ಣನ ನಿಜವಾದ ಹೆಂಡತಿ, ನನ್ನನ್ನು ಅಡುಗೆಮನೆಗೆ ಕರೆದರು. "ಶೂಟಿಂಗ್ ಇದ್ದ ದಿನ ಎರಡು ತುತ್ತು ಉಣ್ತಾರೆ ಕಣಪ್ಪ. ಇಲ್ಲದಿದ್ದ ದಿನ ಗೋಡೆ ಕಡೆ ತಿರುಗಿ ಮಲಗಿಬುಡ್ತಾರೆ. ಅದನ್ನೂ ಕಿತ್ಕೊಂಡ್ರೆ ಇವ್ರು ಉಳಿಯಲ್ಲ" ಅಂದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾರನೇ ದಿನ ನಿರ್ದೇಶಕರಿಗೆ ಹೇಳಿದೆ. "ಸಾರ್, ಅಣ್ಣ ಮೌನವ್ರತ ಹಿಡೀಲಿ. ತಮ್ಮ ಬಂದು ಕಾಲಿಗೆ ಬಿದ್ದು ತಪ್ಪಾಯ್ತು ಅನ್ನೋ ತನಕ ಒಂದು ಮಾತೂ ಆಡಲ್ಲ ಅಂತ."

"ಚೆನ್ನಾಗಿದೆ. ನೀವು ಯಾವಾಗ ಬೀಳ್ತೀರಿ?"

"ಬೀಳೋದೇ ಇಲ್ಲ ಸಾರ್."

"ಜನ ನಿಮ್ಮನ್ನ ಹೊಡೀತಾರೆ ಕಣ್ರೀ!"

"ಹೊಡೀಲಿ ಬಿಡಿ ಸಾರ್. ಲಾರಿ ಮಾತ್ರ ಬೇಡ."

ಅವರು ಒಪ್ಪಿದರು. ಧಾರಾವಾಹಿಯ ತಾಯಿಯ ಬಾಯಿಂದ ವ್ರತದ ವಿಷಯ ಹೇಳಿಸಿದರು. ಆ ಮೇಲೆ ನೋಡಬೇಕಿತ್ತು ನಮ್ಮ ಅಣ್ಣನ ಅಭಿನಯ! ನಾನು ಪುಟಗಟ್ಟಲೆ ಕೂಗಾಡುವುದು, ಅವರು ಸುಮ್ಮನೆ ಕಣ್ಣೆತ್ತಿ ನೋಡುವುದು. ಲೈಟ್ ಹಿಡಿದವರು ಸಹ ಮೂಗು ಒರೆಸಿಕೊಳ್ಳುತ್ತಿದ್ದರು. ಶಾಟ್ ಮುಗಿದ ಮೇಲೆ ಅಣ್ಣ ನನ್ನನ್ನು ಕರೆದು, ಬೆರಳಲ್ಲೇ ಕತ್ತರಿ ಆಡಿಸಿ ತೋರಿಸಿದರು. ಬಾಯಿ ಹೋದ ಮೇಲೂ ನನ್ನ ಡೈಲಾಗ್ ಜಾಸ್ತಿಯಾಯ್ತು ಅಂತ ಅವರ ದೂರು!

ಆಟೋದಲ್ಲಿ

ಅಲ್ಲಿಂದ ಊರಿಗೆಲ್ಲ ಒಂದೇ ಚಿಂತೆ, ನಾನು ಯಾವಾಗ ಬೀಳುತ್ತೇನೆ ಅಂತ. ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರುವವರು ಕೇಳಿದರು, ದೇವಸ್ಥಾನದಲ್ಲಿ ತೀರ್ಥ ಕೊಡುತ್ತಾ ಅರ್ಚಕರು ಕೇಳಿದರು. ಎಲ್ಲರಿಗೂ ಹಲ್ಲು ಕಿರಿದು ಮುಂದೆ ಹೋಗುತ್ತಿದ್ದೆ. ಬೀಳುವುದೇನು ದೊಡ್ಡದಲ್ಲ, ಬಿದ್ದರೆ ಅಣ್ಣ ಬಾಯಿ ಬಿಡಬೇಕಲ್ಲ! ಎಲ್ಲಿಂದ ತರುವುದು ಆ ಧ್ವನಿಯನ್ನು?

ಒಂದು ದಿನ ಅಣ್ಣನನ್ನು ಆಸ್ಪತ್ರೆಯಲ್ಲಿ ತೋರಿಸಿಕೊಂಡು ವಾಪಸ್ ಬರುತ್ತಿದ್ದೆ. ಗಡ್ಡೆ ಮತ್ತೆ ಎದ್ದಿದೆ, ಇನ್ನು ಮಾಡುವುದಕ್ಕೇನಿಲ್ಲ ಅಂತ ಡಾಕ್ಟರು ಹೇಳಿ ಕಳಿಸಿದ್ದರು. ಅಣ್ಣ ಮುಖ ಮುಚ್ಚುವ ಹಾಗೆ ಶಾಲು ಹೊದ್ದು ಮೂಲೆಗೆ ಒರಗಿದ್ದರು. ಆಟೋದವನು ಕನ್ನಡಿಯಲ್ಲಿ ನನ್ನ ಮುಖ ಕಂಡು ಗಾಡಿಯನ್ನು ರಸ್ತೆ ಪಕ್ಕಕ್ಕೆ ಎಳೆದು ನಿಲ್ಲಿಸಿದ.

"ಏನ್ ಸಾರ್, ಕಾಲ್ಗೆ ಬೀಳ್ತೀರೋ ಇಲ್ವೋ? ಹೇಳಿ. ಇಲ್ಲಾಂದ್ರೆ ಇಳ್ಕೊಳಿ."

ಆ ಹೊತ್ತಿನಲ್ಲಿ ಇದು! ಸಿಟ್ಟು ನೆತ್ತಿಗೇರಿತು. ಏನೋ ಅನ್ನಬೇಕು, ಅಷ್ಟರಲ್ಲಿ ಅಣ್ಣ ಶಾಲು ಸರಿಸಿ ಮುಖ ಮುಂದೆ ತಂದು, ಗಾಡಿ ಬಿಡಪ್ಪ ಅಂತ ಕೈಸನ್ನೆ ಮಾಡಿದರು. ಆಟೋದವನು ಬೆಚ್ಚಿಬಿದ್ದ. "ಯಜಮಾನ್ರೇ! ನೀವೂ ಇದೀರಾ? ಇವನ ಜೊತೆ ಒಂದೇ ಆಟೋದಲ್ಲಾ?"

ಅಣ್ಣನ ಮೈಯೆಲ್ಲ ಅಲ್ಲಾಡತೊಡಗಿತು. ನೋವೇನೋ ಅಂತ ಗಾಬರಿಯಾಗಿ ಹಿಡಿದುಕೊಂಡೆ. ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ಹಾಗೆ, ಸದ್ದಿಲ್ಲದೆ. ನನಗೂ ತಡೆಯಲಾಗಲಿಲ್ಲ, ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕೆವು. ನಾನು ಯಾವಾಗ ಅಳುವುದಕ್ಕೆ ಶುರು ಮಾಡಿದೆನೋ ನನಗೇ ತಿಳಿಯಲಿಲ್ಲ.

ಆಟೋದವನು ಗಾಡಿ ಸ್ಟಾರ್ಟ್ ಮಾಡಿ ತಲೆ ಒದರಿಕೊಂಡ. "ದೊಡ್ಡ ಮನುಷ್ಯ ಅಂದ್ರೆ ಹಿಂಗಿರಬೇಕು. ಆಟೋದಲ್ಲೂ ವ್ರತ ಬುಡಲಿಲ್ಲ ನೋಡಿ!"

ಉದಯಗಿರಿಯಲ್ಲಿ

ಬದುಕಿನ ಕಡೇ ವಾರದವರೆಗೂ ಅಣ್ಣ ಶೂಟಿಂಗ್ ಮಾಡಿದರು. ಕುರ್ಚಿಯಲ್ಲಿ ಕೂರಿಸಿ ಮುಖಕ್ಕೆ ಬೆಳಕು ಬಿಟ್ಟರೆ ಸಾಕು, ಕಣ್ಣುಗಳೇ ಕೆಲಸ ಮಾಡುತ್ತಿದ್ದವು. ಒಂದು ಬೆಳಿಗ್ಗೆ ಅತ್ತಿಗೆ ಫೋನ್ ಮಾಡಿದರು. ಬರೀ ಅತ್ತರು. ನಾನು ಅಂಗಡಿ ಬಾಗಿಲೂ ಹಾಕದೆ ಓಡಿದೆ.

ಅಣ್ಣನನ್ನು ಮನೆ ಮುಂದೆ ಚಾಪೆ ಮೇಲೆ ಮಲಗಿಸಿದ್ದರು. ಬೀದಿ ತುಂಬ ಜನ. ನಾನು ಹತ್ತಿರ ಹೋಗುವಷ್ಟರಲ್ಲಿ ಹಿಂದಿನ ಬೀದಿಯ ಅಜ್ಜಿಯೊಬ್ಬರು ಅಡ್ಡ ಬಂದು ನಿಂತರು.

"ಈಗ ಬಂದ್ಯೇನ್ಲಾ? ಬದುಕಿದ್ದಾಗ ಬರಕ್ಕೆ ಏನಾಗಿತ್ತು ನಿಂಗೆ? ಒಡಹುಟ್ಟಿದವನ ಬಾಯಿ ಕಟ್ಟಿಬುಟ್ಯಲ್ಲೋ ಪಾಪಿ!"

ಅತ್ತಿಗೆ ತಲೆ ಎತ್ತಿ, "ಅಜ್ಜಿ, ಇವರು ಅಂಥವರಲ್ಲ ಕಣಜ್ಜಿ..." ಅಂದರು. ನಾನು ಬೇಡ ಅಂತ ಕೈ ಅಡ್ಡ ಹಿಡಿದೆ.

"ಬೀಳು ಕಾಲ್ಗೆ," ಅಂದರು ಅಜ್ಜಿ. "ಈಗ್ಲಾದ್ರೂ ಬೀಳು."

ಬಿದ್ದೆ. ಆ ತಣ್ಣಗಿನ ಪಾದದ ಮೇಲೆ ಹಣೆ ಇಟ್ಟು, "ಅಣ್ಣಾ, ತಪ್ಪಾಯ್ತು" ಅಂದೆ. ಯಾವ ತಪ್ಪು ಅಂತ ನನಗೂ ಗೊತ್ತಿಲ್ಲ. ಅಷ್ಟು ದಿನ ನುಂಗಿಕೊಂಡಿದ್ದೆಲ್ಲ ಒಟ್ಟಿಗೆ ಬಂತು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ.

ಅಜ್ಜಿಯ ಸಿಟ್ಟು ಇಳಿಯಿತು. ನನ್ನ ಬೆನ್ನು ಸವರಿದರು. ಆಮೇಲೆ ಮೆಲ್ಲಗೆ ಮಂಡಿಯೂರಿ ಕೂತು, ಅಣ್ಣನ ಕಿವಿ ಹತ್ತಿರ ಬಾಯಿಟ್ಟರು.

"ಬಿದ್ದವ್ನೆ ಕಣಪ್ಪ, ನಿನ್ ತಮ್ಮ. ನಾನೇ ಕಣ್ಣಾರೆ ಕಂಡೆ. ವ್ರತ ಮುಗೀತು. ಇನ್ನ ಬಾಯ್ ಬುಡು ಮಗಾ, ಒಂದೇ ಒಂದ್ ಮಾತಾಡ್ಬುಡು."

ಅಳುತ್ತಿದ್ದವರೂ ನಿಲ್ಲಿಸಿದರು. ಎಲ್ಲ ಗೊತ್ತಿದ್ದೂ ನಾನು ಅಣ್ಣನ ತುಟಿಯನ್ನೇ ನೋಡುತ್ತಿದ್ದೆ. ಅತ್ತಿಗೆಯೂ ನೋಡುತ್ತಿದ್ದರು.

ಅಜ್ಜಿ ಕಾದರು. ಇನ್ನೊಂದಿಷ್ಟು ಕಾದರು. ಕೊನೆಗೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಹೆಗಲು ಹಿಡಿದು ಮೇಲೆದ್ದರು.

"ಬುಡಪ್ಪ, ನೀನು ಅಳಬ್ಯಾಡ. ಇವನೂ ಏನ್ ಕಮ್ಮಿ ಹಟಮಾರಿ ಅಲ್ಲ."