ಮೀಸೆ ಪಣಕ್ಕಿಟ್ಟ ಬೋರ್ಡು

ಸುಮ್ಮನೆ ಕೆಟ್ಟು ಕೂರುವ ಕಂಪ್ಯೂಟರು ನನ್ನ ಹತ್ತಿರ ಬರುವುದೇ ಇಲ್ಲ. ಬರುವುದೆಲ್ಲ ಕುಣಿಯುವಂಥವು. ಗುಂಡಿ ಒತ್ತಿದರೆ ಏಳುತ್ತವೆ, ಪರದೆ ಮೇಲೆ ಬಣ್ಣ ತೋರಿಸುತ್ತವೆ, ಇನ್ನೇನು ಕೆಲಸ ಶುರು ಅನ್ನುವಾಗ ಪಟ್ಟಂತ ಆರಿ ಮತ್ತೆ ಮೊದಲಿನಿಂದ ಏಳುತ್ತವೆ. ಇವತ್ತು ಒಂದರ ಕುಣಿತ ಬಿಡಿಸಿದರೆ ನಾಳೆ ಇನ್ನೊಂದು ಆಟೋದಲ್ಲಿ ಬಂದು ಇಳಿಯುತ್ತದೆ.

ನಾನು ಕುರುಗೋಡು ಕಡೆಯ ಹಳ್ಳಿಯವನು. ಬಳ್ಳಾರಿ ಕೌಲ್ ಬಜಾರಿನಲ್ಲಿ ರಿಪೇರಿ ಅಂಗಡಿ ತೆಗೆದಾಗ, 'ಎಮ್ಮಿ ಕಾಯೋನು ಕಂಪ್ಯೂಟರ್ ಬಿಚ್ಚಾಕ ಬಂದಾನ' ಅಂತ ನಕ್ಕವರಿದ್ದರು. ನಾನೂ ಬಿಡಲಿಲ್ಲ. ಪೇಂಟರನ್ನು ಕರೆಸಿ ಬೋರ್ಡಿನ ಮೇಲೆ ದಪ್ಪಗೆ ಬರೆಸಿದೆ: 'ತಾನೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್ ರಿಪೇರಿ. ಆಗದಿದ್ದರೆ ಮೀಸೆ ಬೋಳಿಸಿಕೊಳ್ಳುತ್ತೇನೆ.' ನನ್ನ ಮೀಸೆ ಅಂದರೆ ಅಂತಿಂಥದ್ದಲ್ಲ. ಬಜಾರಿನಲ್ಲಿ ಮೊದಲು ಅದು ಬರುತ್ತದೆ, ಹಿಂದೆ ನಾನು.

ಪಕ್ಕದಲ್ಲಿ ಸಲೂನು. ಅದರ ಯಜಮಾನನನ್ನು ನಾನು ಮಾವ ಅಂತೀನಿ, ಅವನು ನನಗೆ ಅಳಿಯ ಅಂತಾನೆ. ಸಂಬಂಧ ಏನಿಲ್ಲ, ಇಬ್ಬರದೂ ಬಾಯಿ ಜೋರು, ಅಷ್ಟೆ. ಗಿರಾಕಿಗಳಿಗೆಲ್ಲ ಬ್ಲೇಡು ಬಳಸುವ ಮಾವ, ಬೋರ್ಡು ಏರಿದ ದಿನ ಅವರಪ್ಪನ ಕಾಲದ ಕತ್ತಿ ಹೊರಗೆ ತೆಗೆದು ಮಸೆಯುತ್ತ ಕೂತ.

"ಅಳಿಯ, ಆ ಮೀಸಿ ನಾನೇ ತೆಗೀಬೇಕು. ಬ್ಯಾರೆಯವ್ರ ಕಡಿ ಹೋದಿ ಅಂದ್ರ ನೋಡು."

"ಮಸಿ ಮಾವ, ಮಸಿ. ನಿನ್ನ ಕತ್ತಿ ಸವೀತೈತಿ, ನನ್ನ ಮೀಸಿ ಅಲ್ಲ" ಅಂದೆ.

ಸಿರುಗುಪ್ಪದ ತೌಡು

ಸಿರುಗುಪ್ಪದ ಒಂದು ರೈಸ್ ಮಿಲ್ಲಿನಿಂದ ಕರೆ ಬಂತು. ಹೋದರೆ ಕಂಪ್ಯೂಟರಿನ ಪರದೆಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು.

"ದೃಷ್ಟಿ ಆಗೈತಿ" ಅಂದರು ಸಾವ್ಕಾರ್ರು. "ಪಕ್ಕದ ಮಿಲ್ಲಿನವ್ನು ಬಂದು ನೋಡಿ ಹೋದ. ಅವತ್ತಿಂದ ಐದು ನಿಮಿಷ ನಿಂದ್ರವಲ್ದು."

"ದೃಷ್ಟಿ ಆಮ್ಯಾಲೆ ತೆಗಿಯೋಣ್ರಿ, ಮೊದ್ಲು ಮುಚ್ಚಳ ತೆಗೀತೀನಿ" ಅಂದೆ.

ತೆಗೆದೆ. ಒಳಗೆ ಕಂಪ್ಯೂಟರೇ ಕಾಣಲಿಲ್ಲ. ಮಿಲ್ಲಿನ ಗಾಳಿಯಲ್ಲಿ ಹಾರಾಡುವ ತೌಡೆಲ್ಲ ಅಲ್ಲಿ ಸೇರಿ, ಫ್ಯಾನು ಹೂತುಹೋಗಿತ್ತು. ಗಾಳಿಯಿಲ್ಲದೆ ಪ್ರೊಸೆಸರ್ ಕಾದು ಕಂಪ್ಯೂಟರು ಆರುತ್ತಿತ್ತು, ಆರಿ ಏಳುತ್ತಿತ್ತು. ಪೇಪರ್ ಹಾಸಿ ಎಲ್ಲ ಕೆರೆದು ಹಾಕಿದೆ, ಗುಡ್ಡೆಯೇ ಆಯಿತು. ಗುಂಡಿ ಒತ್ತಿದರೆ ಕಂಪ್ಯೂಟರು ಆರದೆ ಕಲ್ಲಿನ ಹಾಗೆ ನಿಂತಿತು. ಮೀಸೆ ತಿರುವಿ ಸಾವ್ಕಾರ್ರ ಮುಖ ನೋಡಿದೆ, ಏನಾದರೂ ಹೊಗಳುತ್ತಾರೆ ಅಂತ.

ಅವರು ಕಂಪ್ಯೂಟರಿನ ಕಡೆ ನೋಡಲೇ ಇಲ್ಲ. ಗುಡ್ಡೆಯಿಂದ ಒಂದು ಚಿಟಿಕೆ ಎತ್ತಿ ಮೂಸಿದರು.

"ಸೋನಾ ಮಸೂರಿ. ಹೋದ ಸುಗ್ಗಿದು. ಚೆಲ್ಲಬ್ಯಾಡಪ, ಎಮ್ಮಿಗೆ ಆಗ್ತೈತಿ."

ಎಮ್ಮೆ ಕಾಯೋನು ಅಂತ ನಕ್ಕವರು ಕೇಳಿಸಿಕೊಳ್ಳಲಿ: ಕಂಪ್ಯೂಟರಿನೊಳಗಿಂದ ಎಮ್ಮೆಗೆ ಮೇವು ತೆಗೆದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ.

ಪಾರ್ವತಿನಗರದ ಸರ್

ಇದು ಸಣ್ಣದು. ಪಾರ್ವತಿನಗರದ ದೊಡ್ಡ ಮನೆಯ ಸರ್ ಒಬ್ಬರು ಬಾಗಿಲಲ್ಲೇ ನನ್ನ ಚಪ್ಪಲಿ ನೋಡಿ, "ನೀನೇ ಬಂದಿಯೋ, ನಿಮ್ಮ ಸರ್ ಬರ್ತಾರೋ?" ಅಂದರು. ಒಳಗೆ ಕಂಪ್ಯೂಟರು ಅಪ್‌ಡೇಟ್ ಮಾಡಿಕೊಳ್ಳುತ್ತಿತ್ತು. ನಡುವೆ ತಾನೇ ಒಂದೆರಡು ಸಲ ಆರಿ ಏಳುವುದು ಅದರ ಪದ್ಧತಿ. ಪ್ರತಿ ಸಲ ಆರಿದಾಗಲೂ ಸರ್ ಹೆದರಿ ವೈರು ಕಿತ್ತಿದ್ದಾರೆ, ಪಾಪ ಅದು ಮತ್ತೆ ಮೊದಲಿನಿಂದ ಶುರು ಮಾಡಿದೆ. ನಾನು ಪ್ಲಗ್ಗಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೆ. ಚಹಾ ಬಂತು, ಕುಡಿದೆ. ಮಂಡಕ್ಕಿ ಬಂತು, ತಿಂದೆ. ಕಂಪ್ಯೂಟರು ಸರಿಯಾಯಿತು.

"ಏನು ಮಾಡಿದಿ?" ಅಂದರು ಸರ್.

"ಸುಮ್ನ ಕುಂತೆ ಸರ್. ಅದು ಎಲ್ಲಾರ್ಗೂ ಬರೋದಿಲ್ಲ."

ಕುರುಗೋಡಿನ ಯುಪಿಎಸ್

ಕುರುಗೋಡಿನಲ್ಲಿ ಒಬ್ಬ ಅಕ್ಕ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟಿದ್ದಾಳೆ. ಅವಳ ಕಂಪ್ಯೂಟರು ನನ್ನ ಅಂಗಡಿಗೆ ಬಂದರೆ ದಿನವಿಡೀ ನಡೆಯುತ್ತದೆ, ಕುರುಗೋಡಿಗೆ ಹೋದರೆ ಅರ್ಜಿ ತುಂಬುವಷ್ಟರಲ್ಲಿ ಆರಿ ಏಳುತ್ತದೆ. ಎರಡನೇ ಸಲವೂ ವಾಪಸ್ ಬಂದಾಗ ಮಾವ ಸಲೂನಿನಿಂದ ಕೂಗಿದ: "ಅಳಿಯ, ನೀರು ಕಾಸ್ಲೇನು?"

ನನ್ನ ಸೀಮೆಯಲ್ಲೇ ನನ್ನ ಮೀಸೆ ಹೋಗುವುದೇ? ಕಂಪ್ಯೂಟರು ಬಗಲಲ್ಲಿ ಇಟ್ಟುಕೊಂಡು ನಾನೇ ಹೋದೆ, ಜೋಡಿಸಿ ಅದರ ಎದುರೇ ಕೂತೆ. ಆಗ ತಿಳಿಯಿತು. ಪಕ್ಕದಲ್ಲಿ ಹಿಟ್ಟಿನ ಗಿರಣಿ. ಯಾರಾದರೂ ಜೋಳ ತಂದರೆ ಗುರ್ ಅಂತ ಮೋಟಾರು ಶುರುವಾಗುತ್ತದೆ, ಇಲ್ಲಿ ಲೈಟು ಮಂಕಾಗುತ್ತದೆ, ಕಂಪ್ಯೂಟರು ಪಟ್ಟಂತ ಆರುತ್ತದೆ. ಕುರುಗೋಡಿನ ಮಂದಿ ರೊಟ್ಟಿ ಉಣ್ಣುವುದು ಬಿಡಬೇಕು, ಇಲ್ಲಾ ಕರೆಂಟ್ ತಗ್ಗಿದಾಗ ಹಿಡಿದು ನಿಲ್ಲಿಸಲು ಯುಪಿಎಸ್ ಬೇಕು.

"ಅಕ್ಕ, ಒಂದು ಯುಪಿಎಸ್ ತಗೋಬೇಕ್ರಿ."

"ಐತಲ್ಲಪ" ಅಂತ ಮೇಲಿನ ಗೂಡು ತೋರಿಸಿದಳು. ಅಲ್ಲಿ ದೇವರ ಫೋಟೋದ ಪಕ್ಕ ಹೊಸ ಯುಪಿಎಸ್, ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿಲ್ಲ, ಮುಂದೆ ಊದಿನಕಡ್ಡಿ.

"ಮತ್ತ ಯಾಕ್ರಿ ಕಂಪ್ಯೂಟರ್‌ಗೆ ಹಚ್ಚಿಲ್ಲ?"

ಅಕ್ಕ ನನ್ನನ್ನು ದಡ್ಡನ ಹಾಗೆ ನೋಡಿದಳು. "ಕರೆಂಟ್ ಇದ್ದಾಗ ಅದನ್ನ ಯಾಕ ಸುಮ್ನ ಹಾಳ್ಮಾಡ್ಲಿ? ಹೋದಾಗ ಹಚ್ಚೋಣ ಅಂತ ತೆಗೆದಿಟ್ಟೀನಿ."

ಮಾವನ ಕಂಪ್ಯೂಟರು

ಹೀಗೆ ಗೆದ್ದು ಗೆದ್ದು ನಾನು ಬೀಗುತ್ತಿರುವಾಗ, ಮಾವ ಸಲೂನಿಗೇ ಒಂದು ಹಳೇ ಕಂಪ್ಯೂಟರು ತಂದ. ಗಿರಾಕಿಗಳಿಗೆ ಹಾಡು ಹಾಕಲು, ತರಹೇವಾರಿ ಕಟಿಂಗಿನ ಚಿತ್ರ ತೋರಿಸಲು. ಆಯುಧ ಪೂಜೆಯ ಮರುದಿನವೇ ಅದು ಆರಿ ಏಳಲು ಶುರು ಮಾಡಿತು. ಇನ್ನೊಬ್ಬನಾಗಿದ್ದರೆ ಅಳುತ್ತಿದ್ದ. ಮಾವ ನೀರು ಕಾಯಲು ಇಟ್ಟ.

ಆಟೋದವರು, ಚಹಾ ಅಂಗಡಿಯವರು, ಎಲ್ಲ ಬಂದು ಸಲೂನಿನ ಬಾಗಿಲಲ್ಲಿ ನಿಂತರು. ನಾನು ಫ್ಯಾನು ಒರೆಸಿದೆ, ಆರಿತು. ರ್‍ಯಾಮ್ ಬದಲಿಸಿದೆ, ಆರಿತು. ನನ್ನ ಅಂಗಡಿಯಿಂದ ಬೇರೆ ಪವರ್ ಸಪ್ಲೈ ತಂದು ಹಾಕಿದೆ, ಯುಪಿಎಸ್ ಹಚ್ಚಿದೆ. ಏನು ಮಾಡಿದರೂ ಎರಡು ಸಾಲು ಹಾಡಿ ಆರಿತು.

"ನೀರು ಕಾದೈತಿ ಅಳಿಯ."

"ಇರಲಿ, ನಾನೂ ಕಾದೀನಿ" ಅಂದೆ.

ಮಾವ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದ. ಅವರಪ್ಪನ ಕತ್ತಿ ಬಿಚ್ಚಿದ. ಕುರ್ಚಿಯಲ್ಲಿ ಕೂತಾಗ ಕನ್ನಡಿ ಪಕ್ಕದ ಹಲಗೆ ಮೇಲಿದ್ದ ಕಂಪ್ಯೂಟರ್ ಡಬ್ಬಿಯ ಮುಖ ನನ್ನ ಮುಖಕ್ಕೆ ನೇರ ಬಂತು. ಅಡ್ಡ ಮೂರು ಗೆರೆ ವಿಭೂತಿ. ಅದರ ನಡುವೆ ರೂಪಾಯಿ ಅಗಲ ಗಂಧ, ಮೇಲೆ ಕುಂಕುಮ.

"ಮಾವ, ಆ ಬೊಟ್ಟಿನ ಕೆಳಗ ಏನೈತಿ?"

"ಹಣಿ."

"ಎಂಥಾ ಹಣಿ?"

"ಕೆಳಗಿನ ದೊಡ್ಡ ಗುಂಡಿ ಮೂಗು. ಮ್ಯಾಲಿನ ಸಣ್ಣದು ಹಣಿ ಅಲ್ಲೇನು? ಹಣೀಗೆ ಬೊಟ್ಟು ಇಟ್ಟೀನಿ. ಒತ್ತಿ ಇಟ್ಟೀನಿ, ಬೀಳಬಾರ್ದು ಅಂತ."

ಆ ಹಣೆಯೇ ರೀಸ್ಟಾರ್ಟ್ ಗುಂಡಿ. ಗಂಧ ಒಣಗಿ ಗುಂಡಿ ಅರ್ಧ ಒಳಗೇ ಸಿಕ್ಕಿಕೊಂಡಿತ್ತು. ಫ್ಯಾನು ತಿರುಗಿ ಡಬ್ಬಿ ನಡುಗಿದಾಗಲೆಲ್ಲ ತಾನೇ ಒತ್ತಿಕೊಳ್ಳುತ್ತಿತ್ತು.

"ಕತ್ತಿ ಕೊಡಿಲ್ಲಿ" ಅಂದೆ. ಕೊರಳಿನ ಬಟ್ಟೆ ಬಿಚ್ಚದೆಯೇ ಎದ್ದು, ನನ್ನ ಮೀಸೆಗೆ ಅಂತ ಮಸೆದಿಟ್ಟ ಕತ್ತಿಯ ತುದಿಯಿಂದಲೇ ಆ ಗಂಧ ಕೆರೆದೆ. ಗುಂಡಿ ಟಕ್ ಅಂತ ಹೊರಗೆ ಬಂತು. ಹಾಡು ಶುರುವಾಯಿತು. ಮುಗಿಯಿತು. ಇನ್ನೊಂದು ಶುರುವಾಯಿತು. ಬಾಗಿಲಲ್ಲಿದ್ದವರು ಸಿಳ್ಳೆ ಹಾಕಿದರು. ಮಾವನ ಮುಖ ಸಣ್ಣದಾಯಿತು.

ನಾನು ಕಾಲ ಮೇಲೆ ಕಾಲು ಹಾಕಿ ಮತ್ತೆ ಕುರ್ಚಿಯಲ್ಲಿ ಕೂತೆ. "ಕಾಸಿದ ನೀರು ದಂಡ ಆಗಬಾರ್ದು ಮಾವ. ಗಡ್ಡ ಮಾಡು. ಮೀಸಿ ತುದಿ ಅಷ್ಟ ತಿದ್ದು, ಇವ್ರೆಲ್ಲಾ ಸರಿಯಾಗಿ ನೋಡ್ಲಿ."

ಮಾವ ಸೋಪು ಹಚ್ಚಿದ. ನಾನು ಕಣ್ಣು ಮುಚ್ಚಿದೆ. ಹಾಡು ನಡೆದೇ ಇತ್ತು. ತುಸು ಹೊತ್ತಿಗೆ ಬಾಗಿಲಲ್ಲಿದ್ದವರ ಮಾತು ನಿಂತಿತು. ಕಣ್ಣು ಬಿಟ್ಟರೆ, ಮಾವನ ಕೈ ನನ್ನ ಮುಖದ ಮೇಲೆ, ಕಣ್ಣು ಕಂಪ್ಯೂಟರಿನ ಮೇಲೆ. ಕನ್ನಡಿಯಲ್ಲಿ ನನ್ನ ಮೀಸೆ ಒಂದೇ ಕಡೆ ಇತ್ತು.

"ತಪ್ಪಾತು ಅಳಿಯ" ಅಂದ ಮಾವ. "ಆರಿದ ಕೂಡ್ಲೇ ಈ ಕಡಿ ನೋಡೋಣ ಅಂತಿದ್ದೆ. ಅದು ಆರಲೇ ಇಲ್ಲ."

ಉಳಿದ ಅರ್ಧವನ್ನೂ ನಾನೇ ತೆಗೆಸಿದೆ. ಬೋರ್ಡಿನಲ್ಲಿ ಮಾತ್ರ ಒಂದಕ್ಷರವೂ ಅಳಿಸಿಲ್ಲ. ನನ್ನ ಬೋಳು ಮೂತಿ ನೋಡಿ, 'ಯಾವ ಕಂಪ್ಯೂಟರ್‌ಗೆ ಸೋತ್ಯೋ' ಅಂತ ಯಾರಾದರೂ ಕೇಳಿದರೆ ಸಲೂನಿನ ಕಡೆ ಕೈ ತೋರಿಸುತ್ತೇನೆ: "ಅಕೋ, ಅದಕ್ಕ. ಹೋಗಿ ನೋಡ್ರಿ, ಇನ್ನೂ ಆರಿಲ್ಲ."