ಎಂತದೂ ಇಲ್ಲೆ ಎನ್ನುವ ಸರ್ವರ್

ದೇವರ ಮುಂದೆ ದೊಡ್ಡ ವರ ಕೇಳುವ ಧೈರ್ಯ ನನಗೆ ಯಾವತ್ತೂ ಬಂದಿಲ್ಲ. ಸಂಜೆ ದೀಪ ಹಚ್ಚಿ, ಆ ದಿನ ಸಿಕ್ಕಿದ ಸಣ್ಣಪುಟ್ಟ ಕೃಪೆಯನ್ನು ಕಾವೇರಮ್ಮನಿಗೆ ಹೇಳಿ ಒಪ್ಪಿಸುವುದಷ್ಟೇ ಅಭ್ಯಾಸ: ಹಾಲು ಒಡೆಯಲಿಲ್ಲ, ಕರೆಂಟು ಅರ್ಧ ದಿನವಾದರೂ ಇತ್ತು. ನಮ್ಮ ಯಜಮಾನರದ್ದು ಇದಕ್ಕೆ ತದ್ವಿರುದ್ಧ. ಏನು ಕೇಳಿದರೂ "ಎಂತದೂ ಇಲ್ಲೆ" ಎಂಬ ಒಂದೇ ಉತ್ತರ. ಹೋದ ವರ್ಷ ಒಂದು ಮಧ್ಯಾಹ್ನ, ಎದೆ ಯಾಕೆ ಉಜ್ಜಿಕೊಳ್ಳುತ್ತೀರಿ ಎಂದು ಕೇಳಿದಾಗಲೂ ಅದನ್ನೇ ಹೇಳಿ, ಜೀರಿಗೆ ನೀರು ಕುಡಿದು ಮಲಗಿದರು. ಏಳಲಿಲ್ಲ.

ಅವರು ಬಿಟ್ಟುಹೋದದ್ದರಲ್ಲಿ ದೇವರ ಕೋಣೆಯ ಪಕ್ಕ ಗುಂಯ್ ಎನ್ನುವ ಸರ್ವರ್ ಪೆಟ್ಟಿಗೆಯೂ ಒಂದು. ನಮ್ಮೂರು ಗಾಳಿಬೀಡಿನ ಸುತ್ತಲಿನ ತೋಟದವರು ಕಳಿಸುವ ಮಳೆ ಅಳತೆಯೆಲ್ಲ ಅದರಲ್ಲೇ ಸೇರುವುದು. ಅವರ ನೆನಪಿಗೆಂದು ಅದಕ್ಕೂ ದಿನಾ ಊದುಬತ್ತಿ ತೋರಿಸುತ್ತಿದ್ದೆ. ಹೊಗೆ ಅದಕ್ಕಾಗದು ಎಂದು ಯಾರೂ ಹೇಳಿರಲಿಲ್ಲ. ಮೊನ್ನೆ ಅದೂ ನಿಂತಿತು.

ಮಡಿಕೇರಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾದಿನಿ ಪುಷ್ಪ ಬಂದು, ಫ್ಯಾನಿಗೆ ಮೆತ್ತಿದ್ದ ಮಸಿ ತೆಗೆದು, ಮತ್ತೆ ಜೀವ ಬರಿಸಿದಳು. ಆಮೇಲೆ ಲಾಗ್ ಹುಡುಕಿದಳು. ಲಾಗ್ ಎಂದರೆ ಯಂತ್ರ ತನ್ನ ಕಷ್ಟಸುಖವನ್ನು ಗಂಟೆ ನಿಮಿಷ ಸಮೇತ ಬರೆದಿಡುವ ಫೈಲಂತೆ. ಅದು ಖಾಲಿ.

"ಅಣ್ಣ ಎಂತ ಮಾಡಿಟ್ಟಿದ್ದಾನೆ ನೋಡಿ ಅತ್ತಿಗೆ. ಎರರ್ ಆದ್ರೆ ಮಾತ್ರ ಬರಿ, ವಾರ್ನಿಂಗ್ ಎಲ್ಲ ಬಿಸಾಡು ಅಂತ. ಬಿಸಿ ಆಯ್ತು, ಬಿಸಿ ಆಯ್ತು ಅಂತ ಇದು ತಿಂಗಳಿಂದ ಬಡ್ಕೊಂಡಿರುತ್ತೆ. ಬರ್ಕೊಳ್ಳುವವರೇ ಇಲ್ಲೆ."

ನನಗೆ ನಗು ಬಂತು. ಅರ್ಧದಲ್ಲಿ ಅದು ಬೇರೇನೋ ಆಗಿ, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ತಮ್ಮ ಸ್ವಭಾವವನ್ನೇ ಯಂತ್ರಕ್ಕೆ ಕಲಿಸಿ ಹೋಗಿದ್ದರು ಪುಣ್ಯಾತ್ಮರು.

ಪುಷ್ಪ ಒಂದು ಸಾಲು ತಿದ್ದಿದಳು. ಇನ್ನು ಸಣ್ಣದೂ ದಾಖಲಾಗುತ್ತದಂತೆ. "ಬರುತ್ತಾ ನೋಡುವ, ಎಂತಾದ್ರೂ ಒಂದು ಹೇಳಿ ಅತ್ತಿಗೆ" ಎಂದಳು. ಬಾಯಿಗೆ ಬಂದದ್ದನ್ನು ಹೇಳಿದೆ: "ಇವತ್ತು ಹಾಲು ಒಡೆಯಲಿಲ್ಲ." ಅವಳು ಟೈಪ್ ಮಾಡಿದಂತೆ ಇಂಗ್ಲಿಷ್ ಅಕ್ಷರದಲ್ಲಿ, ತಾರೀಕು ಗಂಟೆ ಸಮೇತ ಅದು ಪರದೆಯ ಮೇಲೆ ಮೂಡಿತು. ಕಾವೇರಮ್ಮನೂ ಹೀಗೇ ಬರೆದುಕೊಳ್ಳುತ್ತಾಳೋ ಏನೋ.

ಕಾಫಿ ತರಲು ಎದ್ದಾಗ ಅವಳ ಕಣ್ಣು ನನ್ನ ಪಾದದ ಮೇಲೆ ಬಿತ್ತು.

"ಕಾಲು ಯಾಕತ್ತಿಗೆ ಇಷ್ಟು ಊದಿದೆ?"

"ಎಂತದೂ ಇಲ್ಲೆ" ಎಂದೆ. ಅದು ಯಾರ ಮಾತೆಂದು ಇಬ್ಬರಿಗೂ ಕೇಳಿಸಿತು.

ಪುಷ್ಪ ಯಂತ್ರದ ಕಡೆ ತಿರುಗಿದಳು. ಟಕಟಕ ಕೀಲಿ ಒತ್ತಿದಳು. ಹಾಲಿನ ಸಾಲಿನ ಕೆಳಗೇ ಇನ್ನೊಂದು ಬಂತು: ಅತ್ತಿಗೆಯ ಕಾಲು ಊದಿದೆ. ನಾಳೆ ಡಾಕ್ಟರ ಹತ್ತಿರ ಹೋಗಲೇಬೇಕಂತೆ. ಅಳಿಸಿಬಿಡೋಣವೆಂದರೆ, ಅದು ಹೇಗೆಂದು ಯಜಮಾನರು ನನಗೆ ಹೇಳಿಕೊಟ್ಟಿಲ್ಲ. ಇದನ್ನೂ ಇವತ್ತಿನ ಕೃಪೆಗೇ ಸೇರಿಸಿದ್ದೇನೆ, ಹಾಲಿನ ನಂತರ.