ಒಟ್ಟು ಹೇಳದ ಮಾವ

ನಮ್ಮ ಸೋದರಮಾವನಿಗೆ ಕುರಿ ಎಣಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಬರುತ್ತದೆ. ಎಣಿಸುವುದಿಲ್ಲ, ಅಷ್ಟೇ! ಲೆಕ್ಕ ಬಾಯಿಬಿಟ್ಟು ಹೇಳಿದರೆ ದೃಷ್ಟಿ ತಾಗುತ್ತದೆ ಎಂಬ ಭಯ ಕೊಂಡ್ಲಹಳ್ಳಿಯ ಕುರಿಗಾರರಿಗೆಲ್ಲ ಸ್ವಲ್ಪ ಸ್ವಲ್ಪ ಇದೆ. ಮಾವನಿಗೆ ಊರಿನವರೆಲ್ಲರ ಪಾಲೂ ಸೇರಿ ಬಂದಿದೆ. ಮನೆಯಲ್ಲಿ ಎಷ್ಟು ಜನ ಎಂದು ಬರೆದುಕೊಳ್ಳಲು ಬಂದ ಮೇಡಂಗೆ, "ಕೂತ್ಕೊಳ್ರಿ, ಊಟದ ಹೊತ್ತಿಗೆ ಎಲ್ಲಾ ಬರ್ತಾರೆ, ನೀವೇ ನೋಡ್ಕೊಳ್ರಿ" ಎಂದು ಮಣೆ ಹಾಕಿದ್ದರು. ಆಕೆ ಪಾಪ, ಉಂಡೇ ಹೋದರು.

ಇಂಥವರ ತಂಗಿಯ ಮಗಳಾದ ನನ್ನ ಕಸುಬೇನು ಗೊತ್ತೇ? ಚಳ್ಳಕೆರೆಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವುದು. ಈ ಸಲ ಪಕ್ಕದ ಊರುಗಳ ಕುರಿಗಳಿಗೆ ರೋಗ ಬಿತ್ತು. ಲಸಿಕೆಯನ್ನು ಐಸಿನ ಪೆಟ್ಟಿಗೆಯಲ್ಲಿ ತರಬೇಕು. ಹೆಚ್ಚು ತಂದರೆ ಲಸಿಕೆ ಹಾಳು, ಕಡಿಮೆ ತಂದರೆ ಕುರಿ ಹಾಳು. ಮನೆವಾರು ಲೆಕ್ಕ ಹಾಕಿ ಒಟ್ಟು ಹೇಳುವ ಕೆಲಸವನ್ನು ಪಶುವೈದ್ಯರು ನನಗೇ ಗಂಟು ಹಾಕಿದರು.

ಮಾವನ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪುಟ ಕಟ್ಟಿದೆ. ಮನೆಗೊಂದು ಸಾಲು ಬರೆಯುತ್ತ ಮತ್ತೆ ಮತ್ತೆ ಸುತ್ತುವ ಆಜ್ಞೆ, ಅಂದರೆ ಲೂಪು. ಪ್ರತಿ ಸುತ್ತಿನಲ್ಲೂ ಆ ಮನೆಯ ಕುರಿಗಳು ಒಟ್ಟು ಲೆಕ್ಕಕ್ಕೆ ಸೇರುತ್ತ ಹೋಗಬೇಕು. ಕೊನೆಯಲ್ಲಿ ಒಟ್ಟು ಕಾಣಬೇಕು. ಪರೀಕ್ಷೆಗೆಂದು ಅಂದಾಜು ಅಂಕಿ ತುಂಬಿದೆ, ಸಾಲುಗಳೆಲ್ಲ ಸರಿಯಾಗಿ ಬಂದವು. ಕೆಳಗೆ ಬಂದದ್ದು ಸೊನ್ನೆ!

ಕನ್ನಡಕ ಏರಿಸಿ ನೋಡಿದ ಮಾವನ ಮುಖ ಅರಳಿತು. "ಮಿಷನ್ನಿಗೂ ಮರ್ಯಾದೆ ಐತೆ ಕಣವ್ವ. ಒಟ್ಟು ಬಾಯಿ ಬಿಡ್ತಿಲ್ಲ!"

ಬೀದಿಯೆಲ್ಲ ಸಾರಿ ಬಂದರು. ಅಲ್ಲಿಯವರೆಗೆ "ಒಂದಿಷ್ಟು ಅವೆ" ಎನ್ನುತ್ತಿದ್ದವರೆಲ್ಲ ಧೈರ್ಯವಾಗಿ ಬಂದು ಸರಿಯಾದ ಲೆಕ್ಕ ಕೊಟ್ಟರು. ನನ್ನ ತಪ್ಪಿಗೆ ಇಷ್ಟು ಗೌರವ ಎಂದೂ ಸಿಕ್ಕಿರಲಿಲ್ಲ. ಮಾವನ ಸಾಲು ಮಾತ್ರ ಖಾಲಿ.

ಎರಡು ದಿನ ತಲೆ ಕೆಡಿಸಿಕೊಂಡೆ. ಪ್ರತಿ ಸಾಲಿನ ಪಕ್ಕ ಅಲ್ಲಿಯವರೆಗಿನ ಒಟ್ಟು ತೋರಿಸು ಎಂದರೆ ಆ ಮನೆಯ ಕುರಿಗಳನ್ನಷ್ಟೇ ತೋರಿಸುತ್ತದೆ. "ಹಿಂದಿನ ಮನೆ ನೆನಪೇ ಇಲ್ಲ ಮಾವ, ಪ್ರತಿ ಸಲ ಹೊಸದಾಗಿ ಶುರು ಮಾಡ್ತೈತೆ" ಎಂದು ಗೊಣಗಿದೆ.

ಮಾವ ಯೋಚಿಸಿ ಕೇಳಿದರು: "ಮಡಿಕೆ ಎಲ್ಲಿ ಇಟ್ಟಿದ್ದೀಯ?"

"ಯಾವ ಮಡಿಕೆ?"

ಆಗ ಗುಟ್ಟು ಹೊರಬಿತ್ತು. ಬೆಳಿಗ್ಗೆ ರೊಪ್ಪದಿಂದ, ಅಂದರೆ ಮುಳ್ಳುಬೇಲಿಯ ದೊಡ್ಡಿಯಿಂದ, ಕುರಿಯೊಂದು ಹೊರಬಂದಾಗಲೆಲ್ಲ ಮಾವ ಮಡಿಕೆಗೆ ಒಂದು ಕಲ್ಲು ಹಾಕುತ್ತಾರೆ. ಸಂಜೆ ಕುರಿಯೊಂದು ಒಳಹೋದಂತೆ ಒಂದು ಕಲ್ಲು ತೆಗೆಯುತ್ತಾರೆ. ಕಲ್ಲು ಉಳಿಯಿತೋ, ಕುರಿ ತಪ್ಪಿಸಿಕೊಂಡಿದೆ. ಒಂದು ಅಂಕಿಯನ್ನೂ ಉಚ್ಚರಿಸದ ಲೆಕ್ಕ! "ಮಡಿಕೆ ರೊಪ್ಪದ ಹೊರಗಿರ್ಬೇಕು ಕಣವ್ವ. ಒಳಗಿಟ್ರೆ ಕುರಿ ತುಳಿದು ಚೆಲ್ತವೆ."

ನನ್ನದೂ ಅದೇ ಕಥೆ. ಲೂಪಿನ ಹೊರಗಿನ ಒಟ್ಟು ಸೊನ್ನೆಯಾಗಿಯೇ ಕೂತಿತ್ತು. ಒಳಗೆ ಅದೇ ಹೆಸರಿನ ಬೇರೊಂದು ಒಟ್ಟು ಪ್ರತಿ ಸುತ್ತಿನಲ್ಲೂ ಹುಟ್ಟಿ, ಸುತ್ತು ಮುಗಿದೊಡನೆ ಸಾಯುತ್ತಿತ್ತು. ಲೂಪಿನ ಹೊರಗೆ ಒಂದು ಡಬ್ಬಿ ಇಟ್ಟು, ಸೇರಿಸುವುದನ್ನೆಲ್ಲ ಅದರೊಳಗೇ ಸೇರಿಸು ಎಂದು ತಿದ್ದಿದೆ. ಒಟ್ಟು ಬಂತು. ಮಾವನ ಮುಖ ಬಾಡಿತು.

"ನಿಮ್ಮ ಸಾಲು ಖಾಲಿ ಐತೆ ಮಾವ. ಹೇಳದಿದ್ರೆ ನಿಮ್ಮ ಕುರಿಗೆ ಮದ್ದು ಬರಲ್ಲ. ನಾನೇ ಹೋಗಿ ಎಣಿಸ್ಲಾ?"

"ಬ್ಯಾಡ. ನೀನಂತೂ ಬ್ಯಾಡ."

ಕನ್ನಡಕ ತೆಗೆದು ಹೇಳಿದರು: "ನಿಮ್ಮವ್ವನ ಮದ್ವೇಲಿ, ಒಡಹುಟ್ಟಿದೋರು ನಾವು ಐದು ಜನ ಅಂತ ಎದೆ ಉಬ್ಬಿಸಿ ಎಣಿಸಿ ತೋರಿಸ್ದೆ. ಈಗ ನಾನೊಬ್ನೇ."

ಇಷ್ಟು ವರ್ಷ ನಾವೆಲ್ಲ ನಕ್ಕದ್ದು ಇದಕ್ಕೇ? ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ವೈದ್ಯರ ಫೋನು ಬಂತು. ಮಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಕಣ್ಣು ಮುಚ್ಚಿ, "ನಂದು ಐವತ್ತೆಂಟು. ಬರ್ಕೊಳ್ರಿ" ಎಂದರು. 

ಲಸಿಕೆ ಸಾಕಾಗುವಷ್ಟು ಬಂತು. ಕೊನೆಯ ಕುರಿಗೂ ಚುಚ್ಚಿ ವೈದ್ಯರು ಹೊರಟ ಮೇಲೆ ಮಾವ ಹಿಡಿ ಉಪ್ಪು ತಂದು ರೊಪ್ಪಕ್ಕೆ ನಿವಾಳಿಸಿದರು. ಇನ್ನೊಂದು ಹಿಡಿ ತೆಗೆದುಕೊಂಡು ನನ್ನತ್ತ ತಿರುಗಿದರು. "ನೀನೂ ನಿಂತ್ಕೊಳವ್ವ. ಊರ ಲೆಕ್ಕಾನೆಲ್ಲ ಮೈಮೇಲೆ ಹಾಕ್ಕೊಂಡಿದ್ದೀಯ."

ಅವ್ವ ಹೋದ ಮೇಲೆ ನನಗೆ ಯಾರೂ ದೃಷ್ಟಿ ತೆಗೆದಿರಲಿಲ್ಲ. ಮೂರು ಸುತ್ತಿಗೆ ನಿಲ್ಲಿಸುವುದು ವಾಡಿಕೆ. ಮಾವನ ಕೈ ನಿಲ್ಲಲೇ ಇಲ್ಲ. ನಾನೂ ಎಣಿಸಲಿಲ್ಲ.